ಐನೂರು ಪ್ರತಿ ಅಚ್ಚು, ಇನ್ನೂರು ನೀವೇ ಕೊಳ್ಳಿ: ಕನ್ನಡ ಪುಸ್ತಕದ ಲೆಕ್ಕ ಯಾಕೆ ಹೀಗೆ?

ಪ್ರಶ್ನೆ: ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ನನ್ನ ಕೆಲವು ಕತೆಗಳು ವಾರಪತ್ರಿಕೆ, ವಿಶೇಷಾಂಕಗಳಲ್ಲಿ ಬಂದಿವೆ. ಅವನ್ನೆಲ್ಲ ಸೇರಿಸಿ ಒಂದು ಸಂಕಲನ ತರೋಣ ಅಂತ ಪ್ರಕಾಶಕರೊಬ್ಬರನ್ನು ಕೇಳಿದೆ. "ಕತೆ ಚೆನ್ನಾಗಿವೆ ಸಾರ್, ಮಾಡೋಣ. ಐನೂರು ಪ್ರತಿ ಹಾಕ್ತೀನಿ, ಇನ್ನೂರು ನೀವೇ ತಗೋಬೇಕು" ಅಂದರು. ಕನ್ನಡ ಕತೆಗಳಿಗೆ ಬೂಕರ್ ಬಂದ ಕಾಲದಲ್ಲೂ ಹೀಗಾ? ಕನ್ನಡದಲ್ಲಿ ಓದುವವರು ನಿಜಕ್ಕೂ ಇಲ್ಲವಾ? ದುಡ್ಡು ಕೊಟ್ಟು ಪುಸ್ತಕ ತರುವುದು ಸರಿಯಾ?

ಉತ್ತರ: ಮೇಷ್ಟ್ರೇ, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಓದುವವರು ಇದ್ದಾರೆ. ಆದರೆ ನಿಮ್ಮ ಪ್ರಕಾಶಕರ ಲೆಕ್ಕದಲ್ಲಿ ಅವರಿಗೆ ಜಾಗ ಇಲ್ಲ. ಇದು ಅವರೊಬ್ಬರ ದುರಾಸೆಯಿಂದ ಆಗಿದ್ದಲ್ಲ. ಆ ಲೆಕ್ಕ ಹೇಗೆ ಹುಟ್ಟಿತು ಅಂತ ಗೊತ್ತಾದರೆ, ಇನ್ನೂರು ಪ್ರತಿ ಕೊಳ್ಳಬೇಕೋ ಬೇಡವೋ ಅಂತ ನೀವೇ ತೀರ್ಮಾನ ಮಾಡಬಹುದು.

ಒಂದು ಪುಸ್ತಕವನ್ನೇ ಇಟ್ಟುಕೊಂಡು ನೋಡೋಣ. ಡೆಮಿ ಅಳತೆ (ಮಾಮೂಲಿ ಕತೆ ಪುಸ್ತಕದ ಅಳತೆ), 160 ಪುಟ, ಅಂದರೆ ಹದಿನಾರು ಪುಟದ ಹತ್ತು ಫಾರಂ. ಬೆಲೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಅಂಕಿ ಊರಿಂದ ಊರಿಗೆ, ಪ್ರೆಸ್ಸಿಂದ ಪ್ರೆಸ್ಸಿಗೆ ಬದಲಾಗುತ್ತದೆ, ಆದರೆ ಲೆಕ್ಕದ ಆಕಾರ ಹೆಚ್ಚುಕಮ್ಮಿ ಇದೇ. ಅಂಗಡಿಯವರಿಗೆ ಶೇ 40 ಕಮಿಷನ್ ಅಂದರೆ 80 ರೂಪಾಯಿ ಹೋಯಿತು. ಲೇಖಕರಿಗೆ ಶೇ 10 ಗೌರವಧನ, 20 ರೂಪಾಯಿ. ಪ್ರಕಾಶಕರ ಕೈಗೆ ಬರುವುದು 100. ಇನ್ನು ಖರ್ಚು. ಟೈಪಿಂಗ್, ಪುಟವಿನ್ಯಾಸ, ಕರಡು ತಿದ್ದುವುದು, ಮುಖಪುಟ ಎಲ್ಲ ಸೇರಿ 20,000 ರೂಪಾಯಿ ಅಂತ ಹಿಡಿಯಿರಿ. ಹತ್ತು ಪ್ರತಿ ಹಾಕಿದರೂ ಅಷ್ಟೇ, ಹತ್ತು ಸಾವಿರ ಹಾಕಿದರೂ ಅಷ್ಟೇ. ಐನೂರಕ್ಕೆ ಹಂಚಿದರೆ ಪ್ರತಿಗೆ 40. ಕಾಗದ, ಅಚ್ಚು, ಬೈಂಡಿಂಗಿಗೆ ಪ್ರತಿಗೆ 55. ಒಟ್ಟು 95. ಅಂದರೆ ಐನೂರೂ ಮಾರಾಟವಾದರೆ ಪ್ರತಿಗೆ ಐದು ರೂಪಾಯಿ ಉಳಿಯುತ್ತದೆ. ಗೋಡೌನ್ ಬಾಡಿಗೆ, ಸಾಗಾಟ, ಅಂಗಡಿಯವರು ವರ್ಷವಾದರೂ ಕೊಡದ ಬಾಕಿ ಇವೆಲ್ಲ ಆ ಐದು ರೂಪಾಯಿಯಲ್ಲೇ ಆಗಬೇಕು. ಇದು ವ್ಯಾಪಾರ ಅಲ್ಲ ಬಿಡಿ. ಸಾವಿರ ಪ್ರತಿ ಹೋಗುತ್ತದೆ ಅನ್ನುವ ನಂಬಿಕೆ ಇದ್ದರೆ ಖರ್ಚು ಪ್ರತಿಗೆ ಎಪ್ಪತ್ತೈದರ ಹತ್ತಿರ ಬರುತ್ತದೆ, ಆಗ ಉಸಿರಾಡಬಹುದು. ಮುನ್ನೂರಕ್ಕೇ ನಿಲ್ಲಿಸಿದರೆ ಕೈಯಿಂದ ಹಾಕಬೇಕು.

ಈಗ ನಿಮ್ಮ ಇನ್ನೂರು ಪ್ರತಿಗೆ ಬರೋಣ. ಶೇ 30 ರಿಯಾಯಿತಿ ಕೊಟ್ಟು ನಿಮಗೆ 140ರಂತೆ ಮಾರಿದರೆ 28,000 ರೂಪಾಯಿ. ಐನೂರು ಪ್ರತಿಯ ಒಟ್ಟು ಖರ್ಚು 47,500. ಪುಸ್ತಕ ಅಂಗಡಿಗೆ ಹೋಗುವ ಮೊದಲೇ ಅರ್ಧಕ್ಕಿಂತ ಜಾಸ್ತಿ ವಾಪಸು ಬಂತು. ಉಳಿದದ್ದು ಮುನ್ನೂರು ಪ್ರತಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಸಗಟು ಖರೀದಿಯಲ್ಲಿ (ಗ್ರಂಥಾಲಯಗಳಿಗೆ ಬೇಕಾದ ಪುಸ್ತಕವನ್ನು ಒಂದೇ ಕಡೆಯಿಂದ ಒಟ್ಟಾಗಿ ಕೊಳ್ಳುವ ಯೋಜನೆಯಲ್ಲಿ) ಆಯ್ಕೆಯಾದ ಪುಸ್ತಕದ ಎಷ್ಟು ಪ್ರತಿ ಕೊಳ್ಳುತ್ತಾರೆ ಗೊತ್ತಾ? 300.

ಇನ್ನೂರು ಲೇಖಕರಿಗೆ, ಮುನ್ನೂರು ಇಲಾಖೆಗೆ. ಐನೂರು ಮುಗಿಯಿತು. ಪುಸ್ತಕದ ಅಂಗಡಿಯ ಬಾಗಿಲಲ್ಲಿ ನಿಂತು "ಹೊಸ ಕತೆ ಪುಸ್ತಕ ಯಾವುದು ಬಂದಿದೆ?" ಅಂತ ಕೇಳುವ ಮನುಷ್ಯನಿಗೆ ಒಂದು ಪ್ರತಿಯೂ ಉಳಿದಿಲ್ಲ. ಆತ ಕೇಳದಿದ್ದರೂ ನಷ್ಟವಿಲ್ಲ. ಹೀಗಿರುವಾಗ ಆತನನ್ನು ಹುಡುಕಿಕೊಂಡು ಹೋಗುವ ಶ್ರಮ ಯಾರು ತಗೋತಾರೆ?

ಸಗಟು ಖರೀದಿಯ ಹಿಂದೆ ಇರುವ ಕಾನೂನು ಒಳ್ಳೆಯದೇ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಗ್ರಂಥಾಲಯ ಸರ್ಕಾರದ ಕೃಪೆಯಿಂದ ನಡೆಯಬಾರದು, ಅದಕ್ಕೆ ಅಂತಲೇ ಜನರಿಂದ ಒಂದು ಕರ ಬರಬೇಕು ಅನ್ನುವುದು ಅದರ ತಿರುಳು. ಬೆಂಗಳೂರಿನಲ್ಲಿ ಮನೆ ಇರುವವರು ಆಸ್ತಿ ತೆರಿಗೆ ಕಟ್ಟುವಾಗ ಸೆಸ್ ಅಂತ ಒಂದು ಮೊತ್ತ ಸೇರಿರುವುದನ್ನು ನೋಡಿರುತ್ತಾರೆ. ಬಿಬಿಎಂಪಿ ಕಾಲದಲ್ಲಿ ಅದರೊಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಇರುತ್ತಿತ್ತು. ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿ ಪುಸ್ತಕಕ್ಕೆ! ಇಂಥ ಕರ ನಮ್ಮ ದೇಶದ ಕೆಲವು ರಾಜ್ಯಗಳಲ್ಲಿ ಮಾತ್ರ ಇದೆ. ಪುಸ್ತಕ ಓದದವರೂ ಪುಸ್ತಕಕ್ಕೆ ದುಡ್ಡು ಕೊಡುತ್ತಿದ್ದಾರೆ.

ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಕರ ವಸೂಲಿ ಮಾಡುವುದು ನಗರಪಾಲಿಕೆ, ಪುರಸಭೆಗಳು. ಮಾಡಿದ್ದನ್ನು ಅವು ಗ್ರಂಥಾಲಯಕ್ಕೆ ಕೊಡಬೇಕು. ಕೊಡುವುದಿಲ್ಲ, ಅಥವಾ ಚೂರುಚೂರು ಕೊಡುತ್ತವೆ. ಬೆಂಗಳೂರಿನ ಪಾಲಿಕೆಯೊಂದೇ ನೂರಾರು ಕೋಟಿ ಬಾಕಿ ಇಟ್ಟುಕೊಂಡಿದ್ದರ ಸುದ್ದಿ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬಂದಿದೆ. ಜನ ಕಟ್ಟಿದ ಪುಸ್ತಕದ ದುಡ್ಡಲ್ಲಿ ಚರಂಡಿ ಆಗಿರಬಹುದು, ಟಾರು ಆಗಿರಬಹುದು. ಪರಿಣಾಮ ಏನು ಅಂದರೆ ಖರೀದಿ ಎರಡು ಮೂರು ವರ್ಷ ಹಿಂದೆ ಬೀಳುತ್ತದೆ. ಈ ವರ್ಷ ಅಚ್ಚಾದ ಪುಸ್ತಕದ ಆಯ್ಕೆ ಪಟ್ಟಿ ಯಾವಾಗಲೋ ಬರುತ್ತದೆ, ಆದೇಶ ಇನ್ಯಾವಾಗಲೋ, ಹಣ ಅದಕ್ಕಿಂತ ತಡ. ಅಷ್ಟು ದಿನ ಆ ಮುನ್ನೂರು ಪ್ರತಿ ಪ್ರಕಾಶಕರ ಮನೆಯ ಮಂಚದ ಕೆಳಗೆ ಕಟ್ಟು ಕಟ್ಟಿಕೊಂಡು ಕೂತಿರುತ್ತವೆ. ಓದುಗರು ಕೇಳಿದರೂ ಕೆಲವರು ಕೊಡುವುದಿಲ್ಲ, "ಲೈಬ್ರರಿಗೆ ಬೇಕಾಗುತ್ತೆ" ಅಂತ ಎತ್ತಿಟ್ಟಿರುತ್ತಾರೆ. ಕನ್ನಡ ಪುಸ್ತಕ ಅಚ್ಚಾಗಿಯೂ ಎಲ್ಲೂ ಸಿಗದೇ ಇರುವುದರ ಒಂದು ಕಾರಣ ಇದು.

ಇನ್ನೊಂದು ಸಂಗತಿ. ಇಲಾಖೆ ಕೊಳ್ಳುವುದು ಪುಸ್ತಕದ ಮೇಲೆ ಹಾಕಿದ ಬೆಲೆಗಲ್ಲ, ಪುಟಕ್ಕೆ ಇಷ್ಟು ಅಂತ ನಿಗದಿ ಮಾಡಿದ ದರಕ್ಕೆ. ಕಾಗದದ ಬೆಲೆ ಏರಿದ ಹಾಗೆ ಆ ದರ ಏರುವುದಿಲ್ಲ ಅನ್ನುವುದು ಪ್ರಕಾಶಕರ ಹಳೆಯ ಗೋಳು. ಅದರಲ್ಲಿ ನಿಜ ಇದೆ. ಆದರೆ ಪುಟದ ಲೆಕ್ಕಕ್ಕೆ ದುಡ್ಡು ಅಂದಾಗ ಏನಾಗುತ್ತದೆ ಅಂತ ನೀವು ಊಹಿಸಬಹುದು. ಅಕ್ಷರ ದಪ್ಪವಾಗುತ್ತದೆ, ಸಾಲುಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ ಬಿಡುತ್ತಾರೆ. ಪ್ರತಿ ಕತೆಗೂ ಮುಂದೊಂದು ಖಾಲಿ ಹಾಳೆ. ಮುನ್ನುಡಿ, ಬೆನ್ನುಡಿ, ಹಾರೈಕೆ, ಆಶಯದ ಮಾತು, ಪ್ರಕಾಶಕರ ಮಾತು, ಲೇಖಕರ ಮಾತು, ಕೃತಜ್ಞತೆ. ನೂರು ಪುಟದ ಹೂರಣ ನೂರೈವತ್ತು ಪುಟದ ಪುಸ್ತಕವಾಗುತ್ತದೆ. ಹಾಗೆಯೇ ಒಬ್ಬರೇ ಮೂರ್ನಾಲ್ಕು ಹೆಸರಲ್ಲಿ ಪ್ರಕಾಶನ ಇಟ್ಟುಕೊಂಡಿರುವುದೂ ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಒಂದು ಹೆಂಡತಿ ಹೆಸರಲ್ಲಿ, ಇನ್ನೊಂದು ಮಗನ ಹೆಸರಲ್ಲಿ.

ಹಾಗಂತ ಸಗಟು ಖರೀದಿ ನಿಲ್ಲಿಸಿ ಅಂತ ನಾನು ಹೇಳಲಾರೆ. ಅದು ಇಲ್ಲದಿದ್ದರೆ ಕವನ, ವಿಮರ್ಶೆ, ಸಂಶೋಧನೆಯ ಎಷ್ಟೋ ಪುಸ್ತಕ ಬೆಳಕೇ ಕಾಣುತ್ತಿರಲಿಲ್ಲ. ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಹೊಸ ಪುಸ್ತಕ ಸಿಕ್ಕಿದ್ದೇ ಆ ಓದುಮನೆಗಳಲ್ಲಿ. ನನ್ನ ತಕರಾರು ಇಷ್ಟೇ: ಪುಸ್ತಕ ಆರಿಸುವವರು ಬೆಂಗಳೂರಲ್ಲಿ, ಓದುವವರು ಸಾಗರದಲ್ಲಿ, ಸಿಂಧನೂರಲ್ಲಿ. ನಿಮ್ಮೂರಿನ ಗ್ರಂಥಾಲಯದ ಮೇಲ್ವಿಚಾರಕರಿಗೆ ಯಾವ ಪುಸ್ತಕಕ್ಕೆ ಜನ ಕಾಯುತ್ತಿದ್ದಾರೆ ಅಂತ ಗೊತ್ತು. ಆದರೆ ಈ ಯೋಜನೆಯಲ್ಲಿ ಅವರ ಮಾತಿಗೆ ಬೆಲೆ ಇಲ್ಲ. ಬಂದ ಕಟ್ಟು ಬಿಚ್ಚಿ, ಮುದ್ರೆ ಒತ್ತಿ, ನಂಬರ್ ಹಾಕಿ ಕಪಾಟಿಗೆ ಸೇರಿಸುವುದು ಅವರ ಕೆಲಸ.

ಪಕ್ಕದ ಕೇರಳದಲ್ಲಿ ಇದನ್ನು ಬೇರೆ ಥರ ಮಾಡುತ್ತಾರೆ. ಅಲ್ಲಿ ಹಳ್ಳಿಯ ಗ್ರಂಥಾಲಯಗಳನ್ನು ಊರಿನವರೇ ಸಮಿತಿ ಮಾಡಿಕೊಂಡು ನಡೆಸುತ್ತಾರೆ. ಪಿ.ಎನ್. ಪಣಿಕ್ಕರ್ 1945ರಲ್ಲಿ ಶುರು ಮಾಡಿದ ಗ್ರಂಥಶಾಲಾ ಸಂಘದಿಂದ ಬೆಳೆದ ಪದ್ಧತಿ ಅದು. ಲೈಬ್ರರಿ ಕೌನ್ಸಿಲ್ ಈ ಸಮಿತಿಗಳಿಗೆ ಅನುದಾನ ಕೊಡುತ್ತದೆ. ಜಿಲ್ಲೆಯಲ್ಲಿ ಪುಸ್ತಕ ಮೇಳ ಮಾಡುತ್ತಾರೆ. ಸಮಿತಿಯವರು ಚೀಲ ಹಿಡಿದುಕೊಂಡು ಬಂದು, ತಿರುವಿ ನೋಡಿ, ತಮ್ಮೂರಿಗೆ ಬೇಕಾದ್ದನ್ನು ಆರಿಸುತ್ತಾರೆ. ಅಲ್ಲೂ ದುಡ್ಡು ಸರ್ಕಾರದ್ದೇ, ಆದರೆ ಪ್ರಕಾಶಕ ಮೆಚ್ಚಿಸಬೇಕಾಗಿರುವುದು ಓದುಗರ ಪ್ರತಿನಿಧಿಯನ್ನು. ಅದೇ 1945ರಲ್ಲಿ ಕೋಟ್ಟಯಂನಲ್ಲಿ ಬರಹಗಾರರೇ ಸೇರಿ ಒಂದು ಸಹಕಾರ ಸಂಘ ಕಟ್ಟಿ, ಲೇಖಕರಿಗೆ ಶೇ 30 ಗೌರವಧನ ಕೊಟ್ಟರು. ನಮ್ಮಲ್ಲಿ ಶೇ 10 ಕೊಟ್ಟರೇ ದೊಡ್ಡ ಮನಸ್ಸು. ಹಾಲಿಗೆ, ಅಡಿಕೆಗೆ ಸಹಕಾರ ಸಂಘ ಕಟ್ಟಿ ಗೆದ್ದ ನಾಡು ನಮ್ಮದು. ಪುಸ್ತಕಕ್ಕೆ ಯಾಕೆ ಆಗಲಿಲ್ಲ ಅಂತ ಯೋಚನೆ ಬರುತ್ತದೆ ಅಲ್ವಾ?

ನಮ್ಮಲ್ಲೂ ಓದುಗರನ್ನು ಹುಡುಕಿಕೊಂಡು ಹೋದ ಕಾಲ ಇತ್ತು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನೀವೇ ಮಕ್ಕಳಿಗೆ ಪಾಠ ಹೇಳುವಾಗ ಹೇಳಿರುತ್ತೀರಿ. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕ ತಾವೇ ಹೊತ್ತು ಮಾರಿದವರು. ಇವರನ್ನು ನೆನೆದು ನಾವು ಕಣ್ಣೀರು ಹಾಕುತ್ತೇವೆ, "ಎಂಥ ತ್ಯಾಗ" ಅನ್ನುತ್ತೇವೆ. ನನಗೆ ಅದರಲ್ಲಿ ತ್ಯಾಗಕ್ಕಿಂತ ಜಾಸ್ತಿ ಕಾಣುವುದು ವ್ಯಾಪಾರದ ಜಾಣತನ. ಕೊಳ್ಳುವವರು ಯಾವ ಮನೆಯಲ್ಲಿ ಇದ್ದಾರೆ, ಅವರ ಕೈಯಲ್ಲಿ ಎಷ್ಟು ಕಾಸು ಇರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇದನ್ನೇ ಇನ್ನೂ ಅಚ್ಚುಕಟ್ಟಾಗಿ ಮಾಡಿದವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಚಂದಾದಾರರು ಮುಂಚೆಯೇ ದುಡ್ಡು ಕೊಡಬೇಕು, ಮಾಲೆಯ ಪುಸ್ತಕ ಬಂದ ಹಾಗೆ ಅವರ ಮನೆಗೆ ಹೋಗಬೇಕು. ಎಷ್ಟು ಪ್ರತಿ ಅಚ್ಚು ಹಾಕಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು. ಚಂದಾದಾರರಿಗೂ ಇದರಲ್ಲಿ ಒಂದು ನಂಬಿಕೆ: ಹೆಸರೇ ಕೇಳದ ಲೇಖಕನಾದರೂ ಜೋಶಿಯವರು ಕಳಿಸಿದ್ದಾರೆ ಅಂದರೆ ಓದಬಹುದು. ಇಪ್ಪತ್ತರ ಆಸುಪಾಸಿನ ಹುಡುಗ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದು ಅಲ್ಲಿಂದಲೇ. ಆ ನಾಟಕ ನೂರಾರು ಮನೆಗಳಿಗೆ ಹೋದದ್ದು ಕಾರ್ನಾಡರ ಹೆಸರಿನಿಂದಲ್ಲ, ಆಗ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಾಲೆಯ ಹೆಸರಿನಿಂದ. ನಿಮ್ಮಂಥ ಮೊದಲ ಪುಸ್ತಕದ ಲೇಖಕರಿಗೆ ಇಂದು ಇಲ್ಲದಿರುವುದು ಇದೇ.

ಆಮೇಲೆ ವಾರಪತ್ರಿಕೆಗಳ ಕಾಲ. 'ಸುಧಾ' 1965ರಲ್ಲಿ, 'ತರಂಗ' 1983ರಲ್ಲಿ ಬಂದವು. ಧಾರಾವಾಹಿ ಓದಲಿಕ್ಕೆ ಅಂತಲೇ ಮನೆಮನೆಯಲ್ಲಿ ಪತ್ರಿಕೆ ತರಿಸುತ್ತಿದ್ದರು. ಆ ಹಾಳೆ ಕಿತ್ತು, ದಾರ ಹಾಕಿ ಹೊಲಿದು ಪುಸ್ತಕ ಮಾಡಿಟ್ಟುಕೊಂಡ ಹೆಂಗಸರು ಎಷ್ಟು ಜನ! ಬೀದಿಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ದಿನಕ್ಕೆ ಇಷ್ಟು ಪೈಸೆ ಅಂತ ಕಾದಂಬರಿ ಬಾಡಿಗೆಗೆ ಸಿಗುತ್ತಿತ್ತು. ವಿಮರ್ಶಕರು ಅದನ್ನು "ಅಡುಗೆಮನೆ ಸಾಹಿತ್ಯ" ಅಂತ ಮೂಗು ಮುರಿದರು. ಕನ್ನಡ ಪುಸ್ತಕಕ್ಕೆ ಸ್ವಂತ ದುಡ್ಡು ಕೊಟ್ಟ ದೊಡ್ಡ ವರ್ಗ ಅದೇ ಆಗಿತ್ತು. ಟಿವಿ ಧಾರಾವಾಹಿ ಬಂದ ಮೇಲೆ ಆ ಓದುಗರು ಎದ್ದು ಹೋದರು. ಅವರನ್ನು ತಡೆಯಲು, ಅವರಿಗೆ ಬೇಕಾದ್ದನ್ನು ಬರೆಯಲು, ಯಾರೂ ಪ್ರಯತ್ನ ಪಡಲಿಲ್ಲ. ಪಡುವ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇಲಾಖೆ ಕೊಳ್ಳುತ್ತಿತ್ತು.

ಓದುಗರು ಇಲ್ಲ ಅನ್ನುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ. ಪೂರ್ಣಚಂದ್ರ ತೇಜಸ್ವಿ ತೀರಿಕೊಂಡು ಹದಿನೆಂಟು ವರ್ಷ ದಾಟಿತು. 1980ರಲ್ಲಿ ಬಂದ 'ಕರ್ವಾಲೊ'ವನ್ನು ಈಗಿನ ಕಾಲೇಜು ಹುಡುಗರು ಕೊಂಡು ಓದುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಕನ್ನಡ ಮಾಧ್ಯಮದವರೂ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಂದಾಗ ತಿಂಗಳುಗಳ ಒಳಗೆ ಮುದ್ರಣದ ಮೇಲೆ ಮುದ್ರಣ ಕಂಡಿತು. ಅವರ ವಿಚಾರ ನಿಮಗೆ ಹಿಡಿಸಲಿ ಬಿಡಲಿ, ಆ ಓದುಗರು ಯಾರೂ ಇಲಾಖೆಯವರಲ್ಲ. ಇಬ್ಬರ ಪ್ರಕಾಶನವನ್ನೂ ಗಮನಿಸಿ. ತೇಜಸ್ವಿಯವರದು ಸ್ವಂತದ್ದು, 'ಪುಸ್ತಕ ಪ್ರಕಾಶನ'. ಬೆಲೆ ಕಮ್ಮಿ, ಪುಸ್ತಕ ಯಾವಾಗಲೂ ಅಂಗಡಿಯಲ್ಲಿ ಇರಬೇಕು ಅನ್ನುವ ಹಟ. ಭೈರಪ್ಪನವರು ಗೋವಿಂದರಾಯರ ಸಾಹಿತ್ಯ ಭಂಡಾರವನ್ನು ದಶಕಗಳ ಕಾಲ ಬಿಡಲಿಲ್ಲ. ಅವರ ಹಳೆಯ ಕಾದಂಬರಿ ಬೇಕು ಅಂದರೆ ಎಲ್ಲಿ ಕೇಳಬೇಕು ಅಂತ ಓದುಗನಿಗೆ ಗೊತ್ತು. ಇನ್ನೊಂದೆಡೆ ಎಷ್ಟೋ ಒಳ್ಳೆಯ ಕತೆಗಾರರ ಒಂದೊಂದು ಪುಸ್ತಕ ಒಂದೊಂದು ಪ್ರಕಾಶನದಿಂದ ಬಂದು, ಮರುಮುದ್ರಣವಿಲ್ಲದೆ, ಹುಡುಕಿದರೂ ಸಿಗದಂತಾಗಿವೆ.

ಮಂಡ್ಯದಲ್ಲಿ 2024ರ ಡಿಸೆಂಬರ್‌ನಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ನಾಡಿನ ತುಂಬ ನಡೆದ ಚರ್ಚೆ ಯಾವುದು? ಬಾಡೂಟ ಇರಬೇಕೋ ಬೇಡವೋ. ಅದು ಸುಮ್ನೆ ತೆಗೆದುಹಾಕುವ ಚರ್ಚೆಯಲ್ಲ, ಊಟದಲ್ಲಿ ಜಾತಿ ಇದೆ, ಕೇಳಿದ್ದು ಸರಿಯೇ. ಆದರೆ ಸಮ್ಮೇಳನದ ನಿರ್ಣಯಗಳಲ್ಲಿ ಗ್ರಂಥಾಲಯ ಕರದ ಬಾಕಿ ಬಗ್ಗೆ ಅಷ್ಟೇ ಬಿಸಿಯಾದ ಜಗಳ ಯಾವತ್ತಾದರೂ ಆಗಿದೆಯಾ? ಸಮ್ಮೇಳನದ ಮಳಿಗೆಗಳಿಗೆ ಹೋಗಿ ನೋಡಿದವರಿಗೆ ಗೊತ್ತು, ಹಳ್ಳಿಯಿಂದ ಬಂದ ಜನ ಚೀಲ ತುಂಬ ಪುಸ್ತಕ ಒಯ್ಯುತ್ತಾರೆ. ಯಾಕೆಂದರೆ ಅವರ ಊರಲ್ಲಿ, ಕೆಲವರ ತಾಲ್ಲೂಕಿನಲ್ಲಿ ಕೂಡ, ಪುಸ್ತಕದ ಅಂಗಡಿಯೇ ಇಲ್ಲ. ಇರುವುದು ನೋಟ್‌ಬುಕ್, ಗೈಡು ಮಾರುವ ಅಂಗಡಿ.

ಇನ್ನು ಬೂಕರ್. 2025ರ ಮೇ 20ರಂದು ಕತೆಗಾರ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ 'ಹಾರ್ಟ್ ಲ್ಯಾಂಪ್' ಸಂಕಲನಕ್ಕಾಗಿ ಅಂತರರಾಷ್ಟ್ರೀಯ ಬೂಕರ್ ಬಂತು. ಒಂದು ಕಥಾಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. 50,000 ಪೌಂಡ್ ಹಣವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುತ್ತಾರೆ. ಇದು ನಮ್ಮ ಪ್ರಕಾಶಕರು ಗಮನಿಸಬೇಕಾದ ವಿಷಯ, ನಮ್ಮಲ್ಲಿ ಅನುವಾದಕರ ಹೆಸರು ಎಷ್ಟೋ ಸಲ ಮುಖಪುಟದಲ್ಲೂ ಇರುವುದಿಲ್ಲ. ಆ ಸಂಕಲನದ ಹನ್ನೆರಡು ಕತೆಗಳು 1990ರಿಂದ 2023ರ ತನಕ ಬರೆದವು. ಮೂವತ್ತು ಚಿಲ್ಲರೆ ವರ್ಷ ಕನ್ನಡದಲ್ಲಿ ಇದ್ದವು. ಅವನ್ನು ಲಂಡನ್ನಿನ ತೀರ್ಪುಗಾರರ ಮುಂದೆ ತಲುಪಿಸಿದ್ದು ಒಂದು ಒಳ್ಳೆಯ ಅನುವಾದ, ಅದಕ್ಕೆ ಸಿಕ್ಕ ಇಂಗ್ಲಿಷ್ ಪೆನ್ ಅನ್ನುವ ಬರಹಗಾರರ ಸಂಸ್ಥೆಯ ನೆರವು, ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ. ಇದರಲ್ಲಿ ಕನ್ನಡದ ಪುಸ್ತಕೋದ್ಯಮದ ಪಾಲು ಎಷ್ಟು ಅಂತ ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟನೆ ಮಾಡಬಹುದೇ ಅನ್ನುವ ತಕರಾರು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಗಿ, ಎರಡೂ ಕಡೆ ವಜಾ ಆಯಿತು. ವಾರಗಟ್ಟಲೆ ನಡೆದ ಆ ಕೂಗಾಟದಲ್ಲಿ ಅವರ ಹಳೆಯ ಭಾಷಣದ ತುಣುಕು ಸಾವಿರ ಸಲ ಓಡಿತು. ಅವರ ಒಂದು ಕತೆಯಲ್ಲಿ ಏನಿದೆ ಅಂತ ಹೇಳಬಲ್ಲವರು ಟಿವಿಯ ಮುಂದೆ ಎಷ್ಟು ಜನ ಕೂತಿದ್ದರು? ಪರವಾಗಿ ಮಾತಾಡಿದವರನ್ನೂ ಸೇರಿಸಿಯೇ ಕೇಳುತ್ತಿದ್ದೇನೆ.

ಹಾಗಾಗಿ ಬೂಕರ್ ಬಂದರೆ ನಿಮ್ಮ ಪ್ರಕಾಶಕರ ಲೆಕ್ಕ ಬದಲಾಗುವುದಿಲ್ಲ. ಬದಲಾಗಬೇಕಾದದ್ದು ಅಂಚೆಯಂಥ, ತೆರಿಗೆಯಂಥ, ಯಾರೂ ಭಾಷಣ ಮಾಡದ ವಿಷಯಗಳು. ಅಂಚೆಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕಕ್ಕೆ ಅಂತಲೇ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಇತ್ತು. ಐದು ಕೆಜಿ ಪುಸ್ತಕ ದೇಶದ ಯಾವ ಮೂಲೆಗಾದರೂ ನೂರು ರೂಪಾಯಿ ಒಳಗೇ ಹೋಗುತ್ತಿತ್ತು. ಸಣ್ಣ ಪ್ರಕಾಶಕರು ಬದುಕಿದ್ದೇ ಅದರ ಮೇಲೆ. 2024ರ ಡಿಸೆಂಬರ್ 18ರಂದು ಅಂಚೆ ಕಚೇರಿಗಳ ಕಂಪ್ಯೂಟರಿನಲ್ಲಿ ಆ ಆಯ್ಕೆಯೇ ಮಾಯವಾಯಿತು. ಮುಂಚೆ ಹೇಳಲಿಲ್ಲ, ಕೇಳಲಿಲ್ಲ. ಕೌಂಟರಿನಲ್ಲಿದ್ದ ಗುಮಾಸ್ತರಿಗೂ ಗೊತ್ತಿರಲಿಲ್ಲ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಕಳಿಸುವ ಖರ್ಚೇ ಅರವತ್ತು, ಎಪ್ಪತ್ತು ಆಗುವ ಹಾಗಾಯಿತು. ದೇಶದ ಎಲ್ಲ ಭಾಷೆಯ ಪ್ರಕಾಶಕರೂ ಗಲಾಟೆ ಮಾಡಿದ ಮೇಲೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಅಂತ ಹೊಸದು ಬಂತು. 300 ಗ್ರಾಂಗೆ 20 ರೂಪಾಯಿ, ಐದು ಕೆಜಿಗೆ 100, ತೆರಿಗೆ ಬೇರೆ. ನಿಮ್ಮ 160 ಪುಟದ ಪುಸ್ತಕ ಇನ್ನೂರು ಗ್ರಾಂ ಆಸುಪಾಸು ತೂಗುತ್ತದೆ, ಆ 20 ರೂಪಾಯಿಯಲ್ಲಿ ಹೋಗುತ್ತದೆ. ಇದು ಗೊತ್ತಿಲ್ಲದ ಪ್ರಕಾಶಕರು ಈಗಲೂ ಕೊರಿಯರ್‌ಗೆ ಎರಡು ಮೂರು ಪಟ್ಟು ಸುರಿಯುತ್ತಿದ್ದಾರೆ. ತೆರಿಗೆಯ ಕತೆಯೂ ಹೀಗೇ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಅಚ್ಚು ಮಾಡುವ ಕಾಗದಕ್ಕೆ ಇದೆ. ಅದು 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ 18ಕ್ಕೆ ಏರಿತು. ಪುಸ್ತಕದ ಮೇಲೆ ತೆರಿಗೆ ಇಲ್ಲದ ಕಾರಣ ಕಾಗದಕ್ಕೆ ಕಟ್ಟಿದ್ದನ್ನು ವಾಪಸು ಪಡೆಯಲಿಕ್ಕೂ ಆಗುವುದಿಲ್ಲ.

ಇ-ಪುಸ್ತಕ ಇದೆಯಲ್ಲ ಅನ್ನಬಹುದು. 2016ರ ಕೊನೆಯಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಐದು ಭಾರತೀಯ ಭಾಷೆ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಕನ್ನಡಿಗರು ಮನವಿ ಮೇಲೆ ಮನವಿ ಕೊಟ್ಟರು. ಕೊನೆಗೆ ಮೈಲ್ಯಾಂಗ್‌ನಂಥ ನಮ್ಮದೇ ಆ್ಯಪ್ ಹುಟ್ಟಿ, ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಇ-ಪುಸ್ತಕ, ಕೇಳುಪುಸ್ತಕ ಸಿಗುವ ಹಾಗಾಯಿತು. ಒಳ್ಳೆಯದೇ, ಆದರೆ ಒಬ್ಬ ಹೊಸ ಕತೆಗಾರನ ಹೊಟ್ಟೆ ಅದರಿಂದ ತುಂಬುವ ಕಾಲ ಇನ್ನೂ ಬಂದಿಲ್ಲ.

ಸರಿ, ನಿಮ್ಮ ಮೂರನೇ ಪ್ರಶ್ನೆ. ದುಡ್ಡು ಕೊಟ್ಟು ಪುಸ್ತಕ ತರಬೇಕಾ?

ಅವಸರ ಬೇಡ ಅನ್ನುತ್ತೇನೆ. ಹಸ್ತಪ್ರತಿಯನ್ನು ಓದಿ ಆರಿಸುವ ಜಾಗಗಳು ಕನ್ನಡದಲ್ಲಿ ಇನ್ನೂ ಇವೆ. ವಸುಧೇಂದ್ರ ಅವರ ಛಂದ ಪುಸ್ತಕ ಮೊದಲ ಸಂಕಲನ ತರುವ ಕತೆಗಾರರಿಗಾಗಿಯೇ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಇವತ್ತು ಹೆಸರಾದ ಹಲವು ಕತೆಗಾರರ ಮೊದಲ ಪುಸ್ತಕ ಅಲ್ಲಿಂದ ಬಂದಿದ್ದು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ನಿಮ್ಮ ವಯಸ್ಸು ಅದರ ಮಿತಿಯೊಳಗೆ ಬರುತ್ತದಾ ನೋಡಿಕೊಳ್ಳಿ. ಇವೆರಡೂ ಆಗದಿದ್ದರೆ ಈ ಪ್ರಕಾಶಕರ ಹತ್ತಿರ ಮತ್ತೆ ಕೂತು ಮಾತಾಡಿ. ಅವರು ನಿಮ್ಮ ಕತೆ ಓದಿದ್ದಾರಾ, ಯಾವ ಕತೆ ತೆಗೆಯಬೇಕು, ಯಾವುದನ್ನು ತಿದ್ದಬೇಕು ಅಂತ ಏನಾದರೂ ಹೇಳಿದರಾ? "ಚೆನ್ನಾಗಿವೆ ಸಾರ್" ಬಿಟ್ಟು ಬೇರೆ ಮಾತೇ ಬರದಿದ್ದರೆ ಅವರು ಪ್ರಕಾಶಕರಲ್ಲ, ಅಚ್ಚಿನ ಗುತ್ತಿಗೆದಾರರು. ಆಗ ನೇರ ಪ್ರೆಸ್ಸಿಗೇ ಹೋಗುವುದು ಅಗ್ಗ. ಈಗ ಡಿಜಿಟಲ್ ಅಚ್ಚಿನಲ್ಲಿ ನೂರು ಪ್ರತಿ ಹಾಕಿಸಬಹುದು, ಮುಗಿದ ಮೇಲೆ ಇನ್ನೊಂದು ನೂರು. ಪ್ರತಿಗೆ ಖರ್ಚು ಜಾಸ್ತಿ, ಆದರೆ ಮಂಚದ ಕೆಳಗೆ ಕಟ್ಟು ಉಳಿಯುವುದಿಲ್ಲ.

ಓದಿ ತಿದ್ದುವ ಪ್ರಕಾಶಕರೇ ಆಗಿದ್ದರೆ ಐವತ್ತು ಪ್ರತಿ ಕೊಳ್ಳುವುದರಲ್ಲಿ ತಪ್ಪಿಲ್ಲ. ಬಿಡುಗಡೆ ದಿನ ನಿಮ್ಮ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ಅಷ್ಟು ಹೋಗುತ್ತದೆ. ದಯವಿಟ್ಟು ಪುಕ್ಕಟೆ ಹಂಚಬೇಡಿ. ಪುಕ್ಕಟೆ ಸಿಕ್ಕ ಪುಸ್ತಕವನ್ನು ಓದುವವರು ಕಮ್ಮಿ, ಇದು ನನ್ನ ಅನುಭವ. ಇನ್ನೂರು ಪ್ರತಿಯಾದರೆ ನಿಮ್ಮ ಸುತ್ತಿನ ಜನ ಮುಗಿದು, ಬಿಇಒ ಆಫೀಸಿನ ಗುಮಾಸ್ತರಿಗೂ ಕೊಟ್ಟು, ಉಳಿದದ್ದು ನಿಮ್ಮ ಮನೆಯ ಅಟ್ಟ ಸೇರುತ್ತದೆ. ನಿಮ್ಮೂರಿನ ಅರಿವು ಕೇಂದ್ರವನ್ನು, ಅಂದರೆ ಪಂಚಾಯಿತಿ ಗ್ರಂಥಾಲಯವನ್ನು, ಮರೆಯಬೇಡಿ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋದ ಮೇಲೆ ಅಲ್ಲಿ ಮಕ್ಕಳು ಬರುತ್ತಿದ್ದಾರೆ, ಅವರಿಗೆ ಸದಸ್ಯತ್ವ ಉಚಿತ. ಒಂದು ಪ್ರತಿ ಅಲ್ಲಿಗೆ ಕೊಟ್ಟು, ಒಂದು ಸಂಜೆ ಕೂತು ಒಂದು ಕತೆ ಓದಿ. ಅದೊಂದಕ್ಕೆ ಮಾತ್ರ ಪುಕ್ಕಟೆಯ ನಿಯಮ ಮುರಿಯಿರಿ.

ಏನೇ ಆಗಲಿ, ಬಾಯಿಮಾತಲ್ಲಿ ಬಿಡಬೇಡಿ. ಕನ್ನಡದಲ್ಲಿ ಲೇಖಕ ಪ್ರಕಾಶಕರ ನಡುವೆ ಕಾಗದ ಪತ್ರ ಮಾಡಿಕೊಳ್ಳುವುದೇ ಅಪರೂಪ, ಕೇಳಿದರೆ "ನಂಬಿಕೆ ಇಲ್ವಾ ಸಾರ್" ಅನ್ನುತ್ತಾರೆ. ನಂಬಿಕೆ ಇದೆ ಅಂತಲೇ ಬರೆಸಿಕೊಳ್ಳಿ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಹಕ್ಕು ವಹಿಸಿಕೊಡುವುದು ಬರಹದಲ್ಲೇ ಇರಬೇಕು. ಎಷ್ಟು ವರ್ಷ ಅಂತ ಬರೆಯದೇ ಇದ್ದರೆ ಐದು ವರ್ಷ ಅಂತ ಅರ್ಥ, ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತ ಮಾತ್ರ. ನೀವು ಕೊಡುತ್ತಿರುವುದು ಕನ್ನಡದಲ್ಲಿ ಅಚ್ಚು ಹಾಕುವ ಹಕ್ಕು ಅಷ್ಟೇ. ಅನುವಾದ, ಆಡಿಯೊ, ಸಿನಿಮಾ ಹಕ್ಕು ನಿಮ್ಮಲ್ಲೇ ಇರಲಿ ಅಂತ ಸ್ಪಷ್ಟವಾಗಿ ಹಾಕಿಸಿ. ಎಷ್ಟು ಪ್ರತಿ ಅಚ್ಚಾಯಿತು, ಗ್ರಂಥಾಲಯಕ್ಕೆ ಎಷ್ಟು ಹೋಯಿತು, ಆ ಮಾರಾಟಕ್ಕೆ ಗೌರವಧನ ಉಂಟಾ ಇಲ್ಲವಾ ಅಂತ ಬರೆದಿರಲಿ. ಪುಸ್ತಕ ಮುಗಿದು ಒಂದು ವರ್ಷದೊಳಗೆ ಮರುಮುದ್ರಣ ಆಗದಿದ್ದರೆ ಹಕ್ಕು ನಿಮಗೆ ವಾಪಸು ಅನ್ನುವ ಸಾಲು ಬೇಕೇ ಬೇಕು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರಿಗೆ) ಇಷ್ಟು ಸಾವಿರ ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಬೇಕಿದ್ದರೆ ಲೇಖಕರೇ ಅರ್ಜಿ ಹಾಕಬಹುದು. ಕೊನೆಯ ಕರಡು ನಿಮ್ಮ ಕೈಗೆ ಬರದೆ ಅಚ್ಚಿಗೆ ಹೋಗಕೂಡದು ಅಂತಲೂ ಸೇರಿಸಿ, ಕನ್ನಡದ ಅಕ್ಷರಗಳು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಅರ್ಕಾವೊತ್ತು ಎಲ್ಲೆಲ್ಲಿ ಹೋಗಿ ಕೂರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.